ಮೂರನೇ ಮಹಡಿಯ ಹಿರಿಯರು

ಮುಲುಂದ್, ಡೊಂಬಿವಿಲಿ, ಬೊರಿವಲಿ, ವಸಾಯಿ, ಹೀಗೆ ಮುಂಬಯಿಯ ಯಾವ ಉಪನಗರಕ್ಕೆ ಹೋದರೂ ಕಣ್ಣಿಗೆ ಬೀಳುವ ಒಂದು ಬಗೆಯ ಕಟ್ಟಡವಿದೆ. ನೆಲಮಹಡಿಯ ಮೇಲೆ ಮೂರೋ ನಾಲ್ಕೋ ಮಹಡಿ, ಮಹಡಿಗೆ ನಾಲ್ಕು ಮನೆ, ಹೊರಗೋಡೆಯಲ್ಲಿ ಮಳೆಗಾಲದ ಪಾಚಿಯ ಕಪ್ಪು ಕಲೆ. ಲಿಫ್ಟ್ ಇಲ್ಲ. 1970-80ರ ದಶಕಗಳಲ್ಲಿ ಬ್ಯಾಂಕಿನ ಸಾಲ, ಹೆಂಡತಿಯ ಒಡವೆ, ಊರಿನ ಗದ್ದೆಯ ಪಾಲು ಎಲ್ಲವನ್ನೂ ಸೇರಿಸಿ ಇಂಥ ಕಟ್ಟಡಗಳಲ್ಲಿ ಮನೆ ಕೊಂಡವರಿಗೆ ಆಗ ಮೂವತ್ತು, ಮೂವತ್ತೈದರ ವಯಸ್ಸು. ಮೇಲಿನ ಮಹಡಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಸೊಳ್ಳೆ ಕಡಿಮೆ, ಬೆಲೆಯೂ ತುಸು ಕಡಿಮೆ ಎಂದು ಮೂರನೇ ಮಹಡಿಯನ್ನು ಆರಿಸಿಕೊಂಡವರು ಅನೇಕರು. ಮಹಡಿಗೆ ಹದಿನೆಂಟು ಮೆಟ್ಟಿಲು ಎಂದಿಟ್ಟುಕೊಂಡರೂ ಐವತ್ತನಾಲ್ಕಾಯಿತು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಮಗು, ಆಗ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಈಗ ಅದೇ ಮನೆಯಲ್ಲಿ ಅದೇ ಜನ ಎಂಬತ್ತರ ಹತ್ತಿರದಲ್ಲಿದ್ದಾರೆ. ದಿನಕ್ಕೆರಡು ಸಲ ಇಳಿಯುತ್ತಿದ್ದವರು ಮೊದಲು ಒಂದು ಸಲಕ್ಕೆ ಬಂದರು. ಆಮೇಲೆ ವಾರಕ್ಕೆರಡು ಸಲ, ಆಮೇಲೆ ಡಾಕ್ಟರ ಬಳಿ ಹೋಗುವುದಕ್ಕೆ ಮಾತ್ರ. ಹಾಲು, ಔಷಧಿ, ದಿನಸಿ ಎಲ್ಲ ಬಾಗಿಲಿಗೇ ಬರುತ್ತದೆ. ಮಗ ಪುಣೆಯಿಂದಲೋ ಬೆಂಗಳೂರಿನಿಂದಲೋ ನ್ಯೂಜೆರ್ಸಿಯಿಂದಲೋ ಫೋನ್ ಮಾಡಿ, 'ಇಳಿಯಬೇಡಿ, ಬೇಕಾದ್ದನ್ನು ತರಿಸಿಕೊಳ್ಳಿ, ಯಾರಿಗೂ ಬಾಗಿಲು ತೆಗೆಯಬೇಡಿ' ಎನ್ನುತ್ತಾನೆ. ಅವನ ದೃಷ್ಟಿಯಲ್ಲಿ ತಂದೆತಾಯಿ ಸುರಕ್ಷಿತವಾಗಿದ್ದಾರೆ. ಈ ಒಂದು ಶಬ್ದಕ್ಕೆ ಮುಂಬಯಿ ಕೊಟ್ಟುಕೊಂಡಿರುವ ಅರ್ಥವನ್ನೇ ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಹಿರಿಯರ ಸುರಕ್ಷತೆ ಎಂದರೆ ಈ ನಗರಕ್ಕೆ ಮೊದಲು ನೆನಪಾಗುವುದು ಕಳ್ಳ. ಒಂಟಿಯಾಗಿದ್ದ ವೃದ್ಧರ ಕೊಲೆ, ಮನೆಗೆಲಸದವರಿಂದ ಕಳವು, ಪೊಲೀಸರ ವೇಷದಲ್ಲಿ ಬಂದು ಬಳೆ ಬಿಚ್ಚಿಸಿಕೊಂಡವರು, ಈಚೆಗೆ ಫೋನಿನಲ್ಲೇ ಬ್ಯಾಂಕು ಖಾತೆ ಬರಿದು ಮಾಡಿದವರು. ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಇಡೀ ಸೊಸೈಟಿ ಎಚ್ಚರಗೊಳ್ಳುತ್ತದೆ. ಸಿಸಿಟಿವಿ ಬರುತ್ತದೆ, ವಾಚ್‌ಮನ್ ಬಳಿ ಹೊಸ ರಿಜಿಸ್ಟರ್ ಬರುತ್ತದೆ, ಬಾಗಿಲಿಗೆ ಮೂರನೆಯ ಚಿಲಕ ಬೀಳುತ್ತದೆ. ಕಾನೂನೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದಿದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಹಿರಿಯರ ಜೀವ ಮತ್ತು ಆಸ್ತಿಯ ರಕ್ಷಣೆಗೆ ರಾಜ್ಯ ಸರ್ಕಾರ ಕ್ರಿಯಾಯೋಜನೆ ರೂಪಿಸಬೇಕೆಂದು ಅದರ 22ನೇ ಸೆಕ್ಷನ್ ಹೇಳುತ್ತದೆ. ಮಹಾರಾಷ್ಟ್ರದ ನಿಯಮಗಳು 2010ರಲ್ಲಿ ಬಂದವು. ಪ್ರತಿ ಪೊಲೀಸ್ ಠಾಣೆ ತನ್ನ ವ್ಯಾಪ್ತಿಯ ಹಿರಿಯರ, ಅದರಲ್ಲೂ ಒಂಟಿಯಾಗಿರುವವರ ಪಟ್ಟಿ ಇಟ್ಟುಕೊಳ್ಳಬೇಕು. ಠಾಣೆಯ ಪ್ರತಿನಿಧಿಯೊಬ್ಬರು ಸಮಾಜಸೇವಕರ ಜೊತೆ ತಿಂಗಳಿಗೊಮ್ಮೆಯಾದರೂ ಅವರನ್ನು ಕಂಡು ಬರಬೇಕು. 2021ರಿಂದ ದೇಶಕ್ಕೆಲ್ಲ ಅನ್ವಯಿಸುವ 14567 ಎಂಬ ಸಹಾಯವಾಣಿಯೂ ಇದೆ.

ಇವು ಬೇಡವೆಂದು ಯಾರೂ ಹೇಳುವಂತಿಲ್ಲ. ತಿಂಗಳಿಗೊಮ್ಮೆ ಪೊಲೀಸ್ ಪೇದೆಯೊಬ್ಬ ಬಂದು 'ಕಸೇ ಆಹಾತ್ ಆಜಿ' ಎಂದು ಕೇಳಿದರೆ ಅದು ಸಣ್ಣ ಸಂಗತಿಯಲ್ಲ. ಆದರೆ ಹೆಚ್ಚಿನ ಮನೆಗಳಲ್ಲಿ ಹಿರಿಯರನ್ನು ಕೆಡವುವುದು ಕಳ್ಳನಲ್ಲ, ಬಚ್ಚಲು. ಒದ್ದೆ ನೆಲ, ಎತ್ತರದ ಹೊಸ್ತಿಲು, ಬಲ್ಬು ಹೋದ ಮೆಟ್ಟಿಲ ತಿರುವು, ಮಡಚಿಕೊಂಡ ಕಾಲೊರಸು. ಕಳ್ಳನಿಗಾಗಿ ಹಾಕಿದ ಮೂರನೆಯ ಚಿಲಕ ಅಂಥ ದಿನ ತಿರುಗಿ ನಿಲ್ಲುತ್ತದೆ. ಒಳಗೆ ಬಿದ್ದವರನ್ನು ಎತ್ತಲು ಓಡಿ ಬಂದ ನೆರೆಯವರು ಬಾಗಿಲು ಒಡೆಯಲು ಬಡಗಿಯನ್ನು ಹುಡುಕುತ್ತಿರುತ್ತಾರೆ.

ಬೀಳುವುದು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವಿದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೆ. ಇವುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಆಗುತ್ತವೆ, ಮಾರಕವಾಗಿ ಬೀಳುವವರಲ್ಲಿ ಅರವತ್ತು ದಾಟಿದವರೇ ಅತಿ ಹೆಚ್ಚು. ಸಾಯದೆ ಉಳಿದವರ ಕತೆ ಈ ಅಂಕಿಯಲ್ಲಿಲ್ಲ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಮೇಲೆ ಮತ್ತೆ ಮೊದಲಿನಂತೆ ಓಡಾಡದವರು ಪ್ರತಿ ಸೊಸೈಟಿಯಲ್ಲೂ ಸಿಗುತ್ತಾರೆ. 'ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆ ಇವರ ಮಟ್ಟಿಗೆ ಹಾಸ್ಯವಾಗಿ ಉಳಿದಿಲ್ಲ. ಬಿದ್ದದ್ದನ್ನು ಮಕ್ಕಳಿಗೆ ಹೇಳಿದರೆ ಇಳಿಯುವುದನ್ನೂ ನಿಲ್ಲಿಸುತ್ತಾರೆ, ಇಲ್ಲವೇ ಮನೆ ಮಾರಿ ತಮ್ಮೂರಿಗೆ ಕರೆದೊಯ್ಯುತ್ತಾರೆ ಎಂಬ ಅಂಜಿಕೆಯಿಂದ ಮೊದಲ ಸಲ ಬಿದ್ದದ್ದನ್ನು ಮುಚ್ಚಿಡುವವರು ಬಹಳ. ಎರಡನೆಯ ಸಲ ಮುಚ್ಚಿಡಲು ಆಗುವುದಿಲ್ಲ.

ಬೀಳುವುದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗುವುದು ಸುಲಭ. ಆದರೆ ನೆಲವನ್ನೂ ಗೋಡೆಯನ್ನೂ ಬದಲಿಸಿದರೆ ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಈಗ ಗಟ್ಟಿ ಆಧಾರವಿದೆ. ನ್ಯೂಜಿಲೆಂಡಿನ ತರನಾಕಿ ಪ್ರದೇಶದಲ್ಲಿ 842 ಮನೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗಳಿಗೆ ಮೆಟ್ಟಿಲ ಕಟಾಂಜನ, ಬಚ್ಚಲಿನ ಹಿಡಿಕೆ, ಹೊರಗಿನ ದೀಪ, ಮೆಟ್ಟಿಲ ಅಂಚಿಗೆ ಜಾರದ ಪಟ್ಟಿ ಇಂಥವನ್ನು ಹಾಕಿಕೊಟ್ಟರು. ಆ ಮನೆಗಳಲ್ಲಿ ಬಿದ್ದು ಆಗುವ ಗಾಯಗಳು ಶೇಕಡಾ 26ರಷ್ಟು ಇಳಿದವು. ಈ ಫಲಿತಾಂಶ 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆ 2023ರಲ್ಲಿ ಇನ್ನೊಂದು ಉಪಯುಕ್ತ ಮಾತು ಹೇಳಿತು. ಈಗಾಗಲೇ ಒಮ್ಮೆ ಬಿದ್ದವರು, ನಡೆಯಲು ಕಷ್ಟಪಡುವವರು ಇಂಥ ಮನೆಗಳನ್ನು ಹುಡುಕಿ ಸರಿಪಡಿಸಿದರೆ ಬೀಳುವ ಪ್ರಮಾಣ ಶೇಕಡಾ 38ರಷ್ಟು ತಗ್ಗುತ್ತದೆ. ಅಪಾಯ ಕಡಿಮೆ ಇರುವವರ ಮನೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಎಲ್ಲರಿಗೂ ಕರಪತ್ರ ಹಂಚುವುದಕ್ಕಿಂತ ಬಿದ್ದವರು ಯಾರೆಂದು ತಿಳಿದು ಅವರ ಮನೆಗೆ ಹೋಗುವುದು ಮೇಲು. ಯಾರು ಬಿದ್ದರು ಎಂಬುದು ಸರ್ಕಾರಕ್ಕೆ ತಿಳಿಯುವುದಿಲ್ಲ, ಎದುರು ಮನೆಗೆ ತಿಳಿಯುತ್ತದೆ.

ಮನೆಯೊಳಗೆ ಮಾಡಬೇಕಾದದ್ದು ದೊಡ್ಡದೇನಲ್ಲ. ಮುಂಬಯಿಯ ಹಳೆಯ ಫ್ಲ್ಯಾಟುಗಳಲ್ಲಿ ಬಚ್ಚಲ ನೆಲ ತಗ್ಗಿನಲ್ಲಿದ್ದು, ನೀರು ಹೊರಗೆ ಬಾರದಂತೆ ಕಲ್ಲಿನ ಹೊಸ್ತಿಲು ಇರುತ್ತದೆ. ಅದು ಏಳುವಾಗಲೂ ಇಳಿಯುವಾಗಲೂ ಕಾಲಿಗೆ ತೊಡರುತ್ತದೆ. ಹೊಸ್ತಿಲ ಪಕ್ಕ ನೆಟ್ಟಗೆ ಒಂದು ಹಿಡಿಕೆ, ಕಮೋಡಿನ ಪಕ್ಕ ಅಡ್ಡಕ್ಕೆ ಇನ್ನೊಂದು, ಸ್ನಾನಕ್ಕೆ ಕೂರಲು ಅಲ್ಲಾಡದ ಸ್ಟೂಲು, ಹಾಸಿಗೆಯಿಂದ ಬಚ್ಚಲವರೆಗಿನ ದಾರಿಯಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಹಿಡಿಕೆಯನ್ನು ಟೈಲಿಗೆ ಅಂಟಿಸಿದರೆ ಸಾಲದು. ಗೋಡೆಯ ಇಟ್ಟಿಗೆಯವರೆಗೆ ಕೊರೆದು ಬಿಗಿಯಬೇಕು, ಇಡೀ ಮೈಭಾರ ತಾಳಬೇಕು. ಟವಲು ಒಣಹಾಕುವ ಸರಳನ್ನು ಹಿಡಿದು ಏಳಲು ಹೋಗಿ ಸರಳಿನ ಸಮೇತ ಬಿದ್ದವರಿದ್ದಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಬಚ್ಚಲ ಬಾಗಿಲು. ಹೆಚ್ಚಿನ ಮನೆಗಳಲ್ಲಿ ಅದು ಒಳಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ತಳ್ಳಲೂ ಆಗದು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿ, ಹೊರಗಿನಿಂದಲೂ ಬಿಡಿಸಬಹುದಾದ ಚಿಲಕ ಹಾಕಿಸುವುದು ಬಡಗಿಗೆ ಅರ್ಧ ದಿನದ ಕೆಲಸ.

ಇಷ್ಟು ಸಣ್ಣ ಕೆಲಸ ಆಗದೆ ಉಳಿಯುವುದು ದುಡ್ಡಿನ ಕೊರತೆಯಿಂದ ಮಾತ್ರವಲ್ಲ. ಎರಡು ಹಿಡಿಕೆ ಹಾಕಲು ಮುಂಬಯಿಯಲ್ಲಿ ಕೆಲಸಗಾರ ಸಿಗುವುದಿಲ್ಲ. ಸಿಕ್ಕವನಿಗೆ ಯಾವ ಎತ್ತರದಲ್ಲಿ ಹಾಕಬೇಕೆಂದು ಗೊತ್ತಿರುವುದಿಲ್ಲ. ಅಪರಿಚಿತನನ್ನು ಒಳಗೆ ಬಿಡಲು ಹಿರಿಯರಿಗೆ ಭಯ. ಹಿಡಿಕೆ ಹಾಕಿಸಿದರೆ ಮುದುಕರಾದೆವೆಂದು ಒಪ್ಪಿಕೊಂಡಂತೆ ಎಂಬ ಸಂಕೋಚ ಬೇರೆ. ನಾಲ್ಕು ತೊಡಕುಗಳೂ ಪರಿಚಿತ ಮುಖವೊಂದು ಡ್ರಿಲ್ ಯಂತ್ರ ಹಿಡಿದು ಬಂದರೆ ಒಂದೇ ಬೆಳಗಿನಲ್ಲಿ ಬಗೆಹರಿಯುವಂಥವು. ಸಿಂಗಪುರ ಇದನ್ನು ಸರ್ಕಾರದಿಂದಲೇ ಮಾಡಿಸಿತು. ಅಲ್ಲಿನ ವಸತಿ ಮಂಡಳಿ 2012ರಿಂದ 'ಈಸ್' ಎಂಬ ಯೋಜನೆಯಲ್ಲಿ ಹಿರಿಯರ ಫ್ಲ್ಯಾಟುಗಳಿಗೆ ಹಿಡಿಕೆ, ಜಾರದ ನೆಲ, ಇಳಿಜಾರು ಹಾಕಿಕೊಡುತ್ತಿದೆ, ವೆಚ್ಚದ ಬಹುಪಾಲನ್ನು ತಾನೇ ಭರಿಸುತ್ತದೆ. ಜಪಾನಿನ ಆರೈಕೆ ವಿಮೆಯಲ್ಲಿ 2000ನೇ ಇಸವಿಯಿಂದ ಮನೆ ಮಾರ್ಪಾಡಿಗೆ ಎರಡು ಲಕ್ಷ ಯೆನ್‌ವರೆಗೆ ಅವಕಾಶವಿದೆ. ಮುಂಬಯಿಯ ಹಿರಿಯರಿಗೆ ಅಂಥ ಸರ್ಕಾರಿ ಕೈ ಎಟುಕುವವರೆಗೆ ಕಾಯುವಷ್ಟು ಸಮಯವಿಲ್ಲ.

ಮನೆಯ ಬಾಗಿಲು ದಾಟಿದರೆ ಮೆಟ್ಟಿಲು. ಇಲ್ಲಿ ಒಬ್ಬರ ನಿರ್ಧಾರ ಸಾಲದು, ಸೊಸೈಟಿಯ ಸಭೆ ಬೇಕು. ಒಂದು ಬದಿಗೆ ಮಾತ್ರ ಕಟಾಂಜನವಿರುವ ಮೆಟ್ಟಿಲಿಗೆ ಗೋಡೆಯ ಬದಿಯಲ್ಲೂ ಒಂದು ಕೊಳವೆ ಹಾಕಿಸಿ, ಪ್ರತಿ ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಬಣ್ಣ ಬಳಿದು, ಮಹಡಿಯ ನಡುವಿನ ತಿರುವಿನಲ್ಲಿ ಮಡಚುವ ಕುರ್ಚಿಯೊಂದನ್ನು ಗೋಡೆಗೆ ಕೂರಿಸೋಣ ಎಂದು ಯಾರಾದರೂ ಹೇಳಿದರೆ ಉತ್ತರ ಸಿದ್ಧವಾಗಿರುತ್ತದೆ: 'ರೀಡೆವಲಪ್‌ಮೆಂಟ್ ಬರ್ತಾ ಇದೆಯಲ್ಲ.' ಕಟ್ಟಡವನ್ನೇ ಕೆಡವುವಾಗ ಈಗ ಖರ್ಚು ಯಾಕೆ ಎಂಬುದು ತರ್ಕ. ಈ ಒಂದು ವಾಕ್ಯ ಮುಂಬಯಿಯಲ್ಲಿ ಎಷ್ಟು ಸಣ್ಣ ದುರಸ್ತಿಗಳನ್ನು ಕೊಂದಿದೆಯೋ ಲೆಕ್ಕವಿಲ್ಲ. ಮಹಾರಾಷ್ಟ್ರ ಸರ್ಕಾರ 2019ರಲ್ಲಿ ಸೊಸೈಟಿಗಳ ಮರುನಿರ್ಮಾಣಕ್ಕೆ ಬೇಕಾದ ಒಪ್ಪಿಗೆಯನ್ನು ಶೇಕಡಾ 51ಕ್ಕೆ ಇಳಿಸಿತು. ಆದರೂ ಬಿಲ್ಡರನ ಆಯ್ಕೆ, ಪತ್ರ, ಅನುಮತಿ, ವ್ಯಾಜ್ಯ ಎಂದು ಹತ್ತು ವರ್ಷ ಹಿಡಿಯುವುದು ಅಪರೂಪವಲ್ಲ. ನಲವತ್ತರ ಸದಸ್ಯನಿಗೆ ಹತ್ತು ವರ್ಷವೆಂದರೆ ಒಂದು ಕಾಯುವಿಕೆ. ಎಪ್ಪತ್ತೆಂಟರ ಸದಸ್ಯೆಗೆ ಅದೇ ಉಳಿದ ಬದುಕು.

ಮರುನಿರ್ಮಾಣ ಬಂದರೂ ಹಿರಿಯರ ಪಾಲಿಗೆ ಅದು ಎರಡು ಅಂಚಿನ ಕತ್ತಿ. 1920ರ ದಶಕದಲ್ಲಿ ಕಟ್ಟಿದ ಬಿಡಿಡಿ ಚಾಳುಗಳ 207 ಕಟ್ಟಡಗಳು ವರಳಿ, ನಾಯಗಾಂವ್, ಎನ್. ಎಂ. ಜೋಶಿ ಮಾರ್ಗ, ಶಿವಡಿಗಳಲ್ಲಿದ್ದವು. ಸುಮಾರು 160 ಚದರಡಿಯ ಕೋಣೆ, ಮಹಡಿಗೆ ಸಾಮೂಹಿಕ ಶೌಚಾಲಯ. ರಾತ್ರಿ ಎರಡು ಸಲ ಏಳಬೇಕಾದ ಮುದುಕನಿಗೆ ಉದ್ದನೆಯ ಪಡಸಾಲೆ ದಾಟುವುದೇ ಯಾತ್ರೆ. 2025ರ ಆಗಸ್ಟಿನಲ್ಲಿ ವರಳಿಯ 556 ಕುಟುಂಬಗಳಿಗೆ 500 ಚದರಡಿಯ ಹೊಸ ಮನೆಯ ಬೀಗದಕೈ ಸಿಕ್ಕಿತು. ಒಳಗೇ ಶೌಚಾಲಯ, ಮೇಲೇರಲು ಲಿಫ್ಟ್. ಇದು ನಿಜವಾದ ಲಾಭ. ಅದೇ ಹೊತ್ತಿಗೆ ಚಾಳಿನ ಪಡಸಾಲೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದ ಮುದುಕಿ ಮಧ್ಯಾಹ್ನದವರೆಗೂ ಕಾಣದಿದ್ದರೆ ಪಕ್ಕದವರು ಬಗ್ಗಿ ನೋಡುತ್ತಿದ್ದರು. ಎತ್ತರದ ಗೋಪುರದಲ್ಲಿ ಎಲ್ಲ ಬಾಗಿಲೂ ಮುಚ್ಚಿರುತ್ತದೆ. ಚಾಳಿನ ನೋಟವನ್ನು ಗೋಪುರಕ್ಕೆ ಸಾಗಿಸುವುದು ಯಾವ ಬಿಲ್ಡರನ ನಕ್ಷೆಯಲ್ಲೂ ಇರುವುದಿಲ್ಲ. ದಿನಕ್ಕೊಮ್ಮೆ ಬಾಗಿಲು ತಟ್ಟುವ ಪಾಳಿ, ಒಂದು ಬೀಗದಕೈ ಎದುರು ಮನೆಯಲ್ಲಿ ಇಡುವ ರೂಢಿ, ಇವನ್ನು ಅಲ್ಲಿನ ಜನರೇ ಮತ್ತೆ ಹುಟ್ಟಿಸಿಕೊಳ್ಳಬೇಕು.

ಮೆಟ್ಟಿಲು ಇಳಿದರೆ ಬೀದಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನ ಅಂಚು 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು, ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಮುಂಬಯಿಯಲ್ಲಿ ಈ ಎರಡೂ ಒಟ್ಟಿಗಿರುವ ನೂರು ಹೆಜ್ಜೆಯ ಫುಟ್‌ಪಾತ್ ಹುಡುಕಲು ಸಾಕಷ್ಟು ನಡೆಯಬೇಕು. ಬೈಕುಗಳು ಹತ್ತದಿರಲೆಂದು ನಿಲ್ಲಿಸಿದ ಕಂಬಗಳು ಗಾಲಿಕುರ್ಚಿಗೆ ತಡೆಯಾದದ್ದನ್ನು 2023ರಲ್ಲಿ ಬಾಂಬೆ ಹೈಕೋರ್ಟೇ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು.

ಸಿಗ್ನಲಿನ ಲೆಕ್ಕವೂ ಹೀಗೆಯೇ. ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆಂದು ಹಿಡಿದು ಹಸಿರು ದೀಪದ ಅವಧಿ ಗೊತ್ತುಮಾಡುವುದು ರೂಢಿ. 24 ಮೀಟರಿನ ರಸ್ತೆಗೆ 20 ಸೆಕೆಂಡು. ಕೋಲೂರಿ ಸೆಕೆಂಡಿಗೆ 0.8 ಮೀಟರ್ ನಡೆಯುವವರಿಗೆ ಅದೇ ರಸ್ತೆಗೆ 30 ಸೆಕೆಂಡು ಬೇಕು. ದೀಪ ಕೆಂಪಾದಾಗ ಅವರು ಇನ್ನೂ ಎಂಟು ಮೀಟರ್ ದೂರದಲ್ಲಿ, ಹೊರಡಲು ತವಕಿಸುವ ವಾಹನಗಳ ಎದುರಿಗಿರುತ್ತಾರೆ. ಸಿಂಗಪುರದಲ್ಲಿ 2009ರಿಂದ ಹಿರಿಯರು ತಮ್ಮ ಕಾರ್ಡನ್ನು ಕಂಬಕ್ಕೆ ಮುಟ್ಟಿಸಿದರೆ ಹಸಿರು ದೀಪ ಕೆಲವು ಸೆಕೆಂಡು ಹೆಚ್ಚು ಉರಿಯುತ್ತದೆ. ಮುಂಬಯಿ ಅದೇ ಕಾಲದಲ್ಲಿ ಬೇರೆ ದಾರಿ ಹಿಡಿಯಿತು. 2008ರಲ್ಲಿ ಬಾಂದ್ರಾದಿಂದ ಶುರುಮಾಡಿ ನಗರದ ತುಂಬ ಸ್ಕೈವಾಕುಗಳನ್ನು ಕಟ್ಟಿತು. ವಾಹನಕ್ಕೆ ನೆಲ, ಪಾದಚಾರಿಗೆ ಆಕಾಶ. ಮಂಡಿನೋವಿನವರಿಗೆ ಆಕಾಶಕ್ಕೆ ಏರುವುದೇ ಕಷ್ಟ, ಅವರು ಕೆಳಗೇ ಉಳಿದರು.

ಹಿರಿಯರಿಗೆ ಅಪಾಯವಾದದ್ದು ಎಲ್ಲರಿಗೂ ಅಪಾಯವೇ ಎಂಬುದನ್ನು ಈ ನಗರ ದುಬಾರಿ ಬೆಲೆ ತೆತ್ತು ಕಲಿತಿದೆ. 2014ರಲ್ಲಿ ಘಾಟ್ಕೋಪರಿನಲ್ಲಿ ಯುವತಿಯೊಬ್ಬಳು ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಅಂತರದಲ್ಲಿ ಬಿದ್ದು ಎರಡೂ ಕೈ ಕಳೆದುಕೊಂಡ ಮೇಲೆ ಪ್ಲಾಟ್‌ಫಾರ್ಮುಗಳನ್ನು ಎತ್ತರಿಸುವ ಕೆಲಸ ಚುರುಕಾಯಿತು. 2017ರ ಆಗಸ್ಟ್ 29ರ ಮಳೆಯಲ್ಲಿ ಹೆಸರಾಂತ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಎತ್ತರದ ಅಂತರ, ಮುಚ್ಚದ ಗುಂಡಿ, ಇಕ್ಕಟ್ಟಾದ ಮೆಟ್ಟಿಲು ಈ ಮೂರರ ಬಗ್ಗೆಯೂ ಅದಕ್ಕೆ ಮೊದಲು ಗೊಣಗುತ್ತಿದ್ದವರು ಮುದುಕರೇ. 'ಇವರದ್ದು ಯಾವಾಗಲೂ ಇದ್ದದ್ದೇ' ಎಂದು ಯಾರೂ ಕಿವಿಗೊಡಲಿಲ್ಲ. ಮುದುಕರು ನಗರದ ಮೊದಲ ಎಚ್ಚರಿಕೆ ಗಂಟೆ ಇದ್ದಂತೆ. ಅವರ ಕಾಲು ಎಲ್ಲಿ ತಡವರಿಸುತ್ತದೋ ಅಲ್ಲಿ ನಾಳೆ ಮಿಕ್ಕವರದ್ದೂ ತಡವರಿಸುತ್ತದೆ.

ಇಷ್ಟೆಲ್ಲ ಅಪಾಯವಿದ್ದರೆ ಮನೆಯಲ್ಲೇ ಕೂತಿರುವುದು ಒಳ್ಳೆಯದಲ್ಲವೆ? ಮಕ್ಕಳ ಫೋನಿನ ತರ್ಕ ಇದೇ. ಆದರೆ ಕೂತವರ ಕಾಲು ಸೊರಗುತ್ತದೆ, ಸೊರಗಿದ ಕಾಲು ಮನೆಯೊಳಗೇ ಜಾರುತ್ತದೆ. ಸಮತೋಲನದ ವ್ಯಾಯಾಮ ಮಾಡುವ ಹಿರಿಯರಲ್ಲಿ ಬೀಳುವ ಪ್ರಮಾಣ ಸುಮಾರು ಶೇಕಡಾ 23 ಕಡಿಮೆ ಎಂದು 2019ರ ಇನ್ನೊಂದು ಕಾಕ್ರೇನ್ ಸಮೀಕ್ಷೆ ಕಂಡುಕೊಂಡಿದೆ. ಇಳಿಯದಿರುವುದು ಸುರಕ್ಷತೆಯಂತೆ ಕಾಣುವ ಅಪಾಯ. ಇಳಿಯಬೇಕೆಂದರೆ ಇಳಿಯಲು ಒಂದು ಕಾರಣವಿರಬೇಕು, ಕೂರಲು ಒಂದು ಜಾಗವಿರಬೇಕು. ಮರಾಠಿಯವರ 'ಕಟ್ಟಾ', ಕನ್ನಡದವರ 'ಕಟ್ಟೆ' ಎರಡೂ ಒಂದೇ ಮಾತು. ಊರಿನ ಅಶ್ವತ್ಥಕಟ್ಟೆ ಮಾಡುತ್ತಿದ್ದ ಕೆಲಸವನ್ನೇ ದಾದರಿನ ಶಿವಾಜಿ ಪಾರ್ಕಿನ ಸುತ್ತಲಿನ ಗಿಡ್ಡ ಗೋಡೆ ಮಾಡುತ್ತಿದೆ. ಠಾಣೆಯಲ್ಲಿ ಅತ್ರೆ ಕಟ್ಟಾ ಎಂಬ ಸಾಂಸ್ಕೃತಿಕ ಕೂಟವೇ ಇದೆ. ಗಿರಗಾಂವ್ ಚೌಪಾಟಿಯಿಂದ ಶುರುವಾಗಿ ಹಲವು ಕಡೆ ನಾನಾ-ನಾನಿ ಪಾರ್ಕುಗಳಾಗಿವೆ. 1995ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಡಿಗ್ನಿಟಿ ಫೌಂಡೇಶನ್ 'ಚಾಯ್ ಮಸ್ತಿ' ಎಂಬ ಕೇಂದ್ರಗಳನ್ನು ನಡೆಸುತ್ತದೆ. ಚಹಾ, ಹರಟೆ, ತುಸು ವ್ಯಾಯಾಮ. ಹೆಸರು ಹಗುರವಾದರೂ ಕೆಲಸ ಹಗುರವಲ್ಲ. ನಿನ್ನೆ ಬಂದವರು ಇಂದು ಬರಲಿಲ್ಲವೆಂದು ಗಮನಿಸುವ ಹತ್ತು ಜನ ಇರುವ ಜಾಗ ಯಾವ ಸಿಸಿಟಿವಿಗಿಂತಲೂ ಚುರುಕು.

ಹಾಗಾದರೆ ಇದನ್ನೆಲ್ಲ ಮಾಡುವವರು ಯಾರು? ಬೀದಿಯ ಮಟ್ಟದಲ್ಲಿ ಮುಂಬಯಿಯಲ್ಲಿ ಸಲಕರಣೆ ಈಗಾಗಲೇ ಇದೆ. ಒಂದು ಬೀದಿಯ ನಿವಾಸಿಗಳೇ ಸೇರಿ ಪಾಲಿಕೆಯೊಡನೆ ಕೆಲಸ ಮಾಡುವ ಎಎಲ್‌ಎಂ ವ್ಯವಸ್ಥೆ 1997ರಿಂದ ನಡೆದು ಬಂದಿದೆ. ಹೆಚ್ಚಾಗಿ ಕಸದ ವಿಂಗಡಣೆಗೆ ಹುಟ್ಟಿದ ಈ ಗುಂಪುಗಳು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಬೀದಿಯ ಇಬ್ಬರು ಹಿರಿಯರ ಜೊತೆ ಮಾರ್ಕೆಟಿನವರೆಗೆ ನಡೆದು, ಎಲ್ಲೆಲ್ಲಿ ಅವರು ನಿಂತರು, ಎಲ್ಲಿ ರಸ್ತೆಗೆ ಇಳಿದರು ಎಂದು ಬರೆದುಕೊಂಡು ವಾರ್ಡ್ ಕಚೇರಿಗೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ಸಮೀಕ್ಷೆ ಬೇಡ. ಜ್ಯೇಷ್ಠ ನಾಗರಿಕ ಸಂಘಗಳು ಮಹಾರಾಷ್ಟ್ರದ ಅನೇಕ ಬಡಾವಣೆಗಳಲ್ಲಿ ಇವೆ, 1980ರಿಂದ ಅವುಗಳ ಒಕ್ಕೂಟವಾದ ಫೆಸ್ಕಾಮ್ ಇದೆ.

ಮನೆಯೊಳಗಿನ ಕೆಲಸಕ್ಕೆ ಬೇಕಾದದ್ದು ವಿಶ್ವಾಸ. ಅದು ಮುಂಬಯಿಯ ಕನ್ನಡ ಸಂಘಗಳ ಬಳಿ ಬೇಕಾದಷ್ಟಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಶನ್ 1932ರದು. ಕರಾವಳಿಯಿಂದ ಹದಿಮೂರು, ಹದಿನಾಲ್ಕರ ಹುಡುಗರು ಹೊಟೇಲಿನಲ್ಲಿ ಲೋಟ ತೊಳೆಯಲು ಬಂದಾಗ ಈ ನಗರ ಅವರನ್ನು ನುಂಗದಂತೆ ನೋಡಿಕೊಂಡದ್ದು ಕನ್ನಡಿಗರು ಕಟ್ಟಿದ ರಾತ್ರಿಶಾಲೆಗಳು. ಹಗಲಿಡೀ ದುಡಿದ ಹುಡುಗ ರಾತ್ರಿ ಪುಸ್ತಕ ತೆರೆದು ಕೂರಲು ಒಂದು ಬೆಂಚು ಕೊಟ್ಟಿದ್ದೇ ಆ ಕಾಲದ ಸುರಕ್ಷತಾ ಯೋಜನೆ. ಯಾವ ಸರ್ಕಾರವೂ ಹೇಳಿರಲಿಲ್ಲ, ಕೊರತೆ ಕಂಡಿತು, ಮಾಡಿದರು. ಆ ಬೆಂಚಿನಲ್ಲಿ ಕೂತ ಕೊನೆಯ ತಲೆಮಾರುಗಳೇ ಇಂದು ಮೂರನೇ ಮಹಡಿಯಲ್ಲಿ ಕಿಟಕಿಯ ಬಳಿ ಕೂತಿವೆ. ಈಗ ಸಂಘಗಳಿಗೆ ಭವನಗಳಿವೆ, ಸಭಾಗೃಹಗಳಿವೆ, ವೇದಿಕೆಯಲ್ಲಿ ಹಿರಿಯರಿಗೆ ಶಾಲು ಹೊದಿಸಿ ಸನ್ಮಾನಿಸುವ ಒಳ್ಳೆಯ ರೂಢಿಯಿದೆ. ಸನ್ಮಾನಕ್ಕೆ ಬರಲು ಮೆಟ್ಟಿಲು ಇಳಿಯಲಾಗದವರ ಪಟ್ಟಿ ಇದೆಯೇ ಎಂಬುದು ಮುಂದಿನ ಪ್ರಶ್ನೆ.

ಸಂಘವೊಂದು ತಿಂಗಳಲ್ಲಿ ಎರಡು ಭಾನುವಾರ, ಒಂದು ಡ್ರಿಲ್ ಯಂತ್ರ, ಒಬ್ಬ ನಂಬಿಕೆಯ ಕೆಲಸಗಾರ, ಇಬ್ಬರು ಯುವಕರು, ಒಬ್ಬ ಫಿಸಿಯೋಥೆರಪಿಸ್ಟ್ ಇಷ್ಟನ್ನು ಹೊಂದಿಸಿದರೆ ಸಾಕು. ಕಳೆದ ವರ್ಷ ಒಮ್ಮೆಯಾದರೂ ಬಿದ್ದವರ ಮನೆಯಿಂದ ಶುರುಮಾಡಬಹುದು. ಒಂದು ಬೆಳಗಿಗೆ ಎರಡು ಮನೆ ಎಂದರೂ ವರ್ಷಕ್ಕೆ ನಲವತ್ತೆಂಟು.

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ತೂಕದವೇ. ಪಾಲಿಕೆ ಮತ್ತು ಸರ್ಕಾರ ಮಾಡಬೇಕಾದದ್ದನ್ನು ಸಂಘಗಳು ಹೊತ್ತುಕೊಂಡರೆ ಅವು ನಿಶ್ಚಿಂತೆಯಿಂದ ಮಲಗುತ್ತವೆ ಎಂಬುದು ಮೊದಲನೆಯದು. ಫುಟ್‌ಪಾತು, ಸಿಗ್ನಲು, ಗುಡಿಸಲು ವಸತಿಗಳ ಸಾಮೂಹಿಕ ಶೌಚಾಲಯದ ಹಿಡಿಕೆ, ದೀಪ ಇವು ಸರ್ಕಾರದ ಹೊಣೆಯೇ, ಅವನ್ನು ಕೇಳುತ್ತಲೇ ಇರಬೇಕು. ಆದರೆ ಹತ್ತು ಮನೆಯ ಬಚ್ಚಲು ಸರಿಪಡಿಸಿದವರು ವಾರ್ಡ್ ಕಚೇರಿಯಲ್ಲಿ ಆಡುವ ಮಾತಿಗೆ ಹೆಚ್ಚು ಬಲವಿರುತ್ತದೆ, ಏನು ಬೇಕೆಂದು ಅವರಿಗೆ ಸೆಂಟಿಮೀಟರಿನಲ್ಲಿ ಗೊತ್ತಿರುತ್ತದೆ. ಎರಡನೆಯದು, ಜಾತಿ-ಭಾಷೆಯ ಸಂಘಗಳು ತಮ್ಮವರನ್ನಷ್ಟೇ ನೋಡುತ್ತವೆ, ಮುಂಬಯಿಯ ಬಡ ಮುದುಕಿಗೆ ಯಾವ ಸಂಘವೂ ಇರುವುದಿಲ್ಲ ಎಂಬುದು. ಇದು ನಿಜ. ಆದರೆ ಮೆಟ್ಟಿಲಿಗೆ ಜಾತಿಯಿಲ್ಲ. ಒಬ್ಬ ಸದಸ್ಯರಿಗಾಗಿ ಕಟ್ಟಡದ ಗೋಡೆಗೆ ಹಾಕಿದ ಕಟಾಂಜನವನ್ನು ಎರಡನೇ ಮಹಡಿಯ ಗುಜರಾತಿ ಅಜ್ಜಿಯೂ ಹಿಡಿಯುತ್ತಾಳೆ, ಹಾಲಿನವನೂ ಹಿಡಿಯುತ್ತಾನೆ, ಆರು ತಿಂಗಳ ಗರ್ಭಿಣಿಯೂ ಹಿಡಿಯುತ್ತಾಳೆ. ಕೆಲಸ ಬಲ್ಲ ತಂಡವಿದ್ದರೆ ಪಕ್ಕದ ಚಾಳಿಗೆ ಹೋಗಲು ಅಡ್ಡಿಯಾಗುವುದು ಮನಸ್ಸು ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯ-ಸ್ನೇಹಿ ನಗರಗಳ ಕೈಪಿಡಿಯೊಂದನ್ನು ತಂದಿತು. 33 ನಗರಗಳ ಹಿರಿಯರನ್ನೇ ಕೂರಿಸಿ ಕೇಳಿ ಬರೆದದ್ದು. ಅದರಲ್ಲಿ ದೆಹಲಿ, ಉದಯಪುರ ಇದ್ದವು, ಮುಂಬಯಿ ಇರಲಿಲ್ಲ. 2011ರ ಜನಗಣತಿಯಲ್ಲಿ ಭಾರತದಲ್ಲಿ ಅರವತ್ತು ದಾಟಿದವರು 10.38 ಕೋಟಿ. 2036ರ ಹೊತ್ತಿಗೆ ಜನಸಂಖ್ಯೆಯ ಸುಮಾರು ಶೇಕಡಾ 15ರಷ್ಟಾಗುತ್ತಾರೆಂದು ಸರ್ಕಾರದ ಅಂದಾಜು. ಇಂದು ಸೊಸೈಟಿಯ ಸಭೆಯಲ್ಲಿ 'ರೀಡೆವಲಪ್‌ಮೆಂಟ್ ಬರಲಿ' ಎಂದು ಕೈಯೆತ್ತುವ ನಲವತ್ತೈದರ ಸದಸ್ಯರು ಆಗ ಅರವತ್ತರ ಹತ್ತಿರ ಇರುತ್ತಾರೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಬಣ್ಣ, ನೀರಿನ ಟ್ಯಾಂಕು, ಪಾರ್ಕಿಂಗ್ ಜಗಳ ಇವುಗಳ ನಡುವೆ ಒಂದು ಸಾಲು ಸೇರಿಸಲು ಯಾರ ಅನುಮತಿಯೂ ಬೇಡ: ಗೋಡೆಯ ಬದಿಗೆ ಕಟಾಂಜನ, ನೆಲಮಹಡಿಯಿಂದ ಕೊನೆಯ ಮಹಡಿಯವರೆಗೆ. ಅದು ಬಂದ ಮೇಲೆ ಮೂರನೇ ಮಹಡಿಯ ಬಾಗಿಲು ತಟ್ಟಿ, ಇನ್ನು ಸಂಜೆ ಕೆಳಗೆ ಬನ್ನಿ ಎಂದು ಹೇಳುವುದೊಂದು ಬಾಕಿ.